ಬಿಪಿ ಮಾತ್ರೆ ಸೇರಿಸಿದ ಮೇಲೆ ಕ್ರಿಯಾಟಿನಿನ್ ಏರಿದೆ, ಮಾತ್ರೆ ನಿಲ್ಲಿಸಬೇಕೇ?

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ನನ್ನ ತಾಯಿಗೆ 71 ವರ್ಷ, ತೂಕ 48 ಕೆ.ಜಿ. ಹನ್ನೆರಡು ವರ್ಷದಿಂದ ಬಿಪಿ ಇದೆ, ಸಕ್ಕರೆ ಕಾಯಿಲೆ ಇಲ್ಲ. ಅಮ್ಲೋಡಿಪಿನ್ 5 ಮಿ.ಗ್ರಾಂ. ಒಂದೇ ಮಾತ್ರೆಯಲ್ಲಿದ್ದರು. ಹಾಸನದಲ್ಲಿ ತೋರಿಸಿದಾಗ ಬಿಪಿ 164/78 ಬಂದು, ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಸೇರಿಸಿದರು. ಆಗ ಕ್ರಿಯಾಟಿನಿನ್ 1.0 ಇತ್ತು. ಮೂರು ವಾರದ ಮೇಲೆ 1.2 ಬಂದಿದೆ. ಪೊಟ್ಯಾಸಿಯಂ 4.9, ಯೂರಿಯಾ 42, ಇಜಿಎಫ್‌ಆರ್ 48. ಮೂತ್ರದಲ್ಲಿ ಆಲ್ಬುಮಿನ್ ‘ಇಲ್ಲ’ ಎಂದು ಬರೆದಿದ್ದಾರೆ. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಮಂಡಿನೋವಿಗೆ ವಾರದಲ್ಲಿ ಮೂರು-ನಾಲ್ಕು ದಿನ ಮೆಡಿಕಲ್‌ ಅಂಗಡಿಯಿಂದ ತಂದ ಅಸೆಕ್ಲೋಫೆನಾಕ್ ಮಾತ್ರೆ ನುಂಗುತ್ತಾರೆ. ‘ಬಿಪಿ ಮಾತ್ರೆಯಿಂದಲೇ ಕಿಡ್ನಿ ಹೋಗಿದೆ, ನಿಲ್ಲಿಸಿ, ದಿನಾ ನಾಲ್ಕು ಲೀಟರ್ ನೀರು ಕುಡಿಸಿ, ಅಡುಗೆಗೆ ಸೈಂಧವ ಉಪ್ಪು ಹಾಕಿ’ ಎಂದು ನೆಂಟರು ಹೇಳುತ್ತಿದ್ದಾರೆ. ಅರ್ಧ ಕಿಡ್ನಿ ಹೋಗಿದೆಯೇ? ಡಯಾಲಿಸಿಸ್ ಬೇಕಾಗುತ್ತದೆಯೇ? ಬಿಪಿ ಎಷ್ಟಿದ್ದರೆ ಸರಿ?

ಉತ್ತರ: ನೀವು ಕೊಟ್ಟಿರುವ ಅಂಕಿಗಳನ್ನು ನೋಡಿದರೆ ಡಯಾಲಿಸಿಸ್ ಮಾತು ಈಗ ಬೇಕಿಲ್ಲ. ಟೆಲ್ಮಿಸಾರ್ಟನ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವ ಕಾರಣವೂ ಇದರಲ್ಲಿ ಕಾಣುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದದ್ದು ಮಂಡಿನೋವಿನ ಮಾತ್ರೆ. ನೀವು ಅದನ್ನು ಕೊನೆಗೆ, ಬಿಪಿಗೆ ಸಂಬಂಧವಿಲ್ಲದ ವಿಷಯ ಎಂಬಂತೆ ಬರೆದಿದ್ದೀರಿ. ಸಂಬಂಧ ತುಂಬಾ ಇದೆ, ಅದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಕ್ರಿಯಾಟಿನಿನ್. ಇದು ನಮ್ಮ ಸ್ನಾಯುಗಳಿಂದ ದಿನವೂ ಹೊರಬೀಳುವ ತ್ಯಾಜ್ಯ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಕಳಿಸುತ್ತದೆ. ಹಾಗಾಗಿ ರಕ್ತದಲ್ಲಿ ಅದೆಷ್ಟಿದೆ ಎನ್ನುವುದು ಕಿಡ್ನಿ ಎಷ್ಟು ಸೋಸುತ್ತಿದೆ, ಸ್ನಾಯು ಎಷ್ಟು ತಯಾರಿಸುತ್ತಿದೆ, ಈ ಎರಡರ ಮೇಲೂ ನಿಂತಿದೆ. ವಯಸ್ಸಾದಂತೆ ಸ್ನಾಯು ಕರಗಿ, ತಯಾರಾಗುವ ಪ್ರಮಾಣವೇ ಇಳಿಯುತ್ತದೆ. ಆದ್ದರಿಂದ ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ‘ನಾರ್ಮಲ್’ ಮಿತಿಯನ್ನು ವಯಸ್ಸಾದವರ ವಿಷಯದಲ್ಲಿ ಕಣ್ಣುಮುಚ್ಚಿ ನಂಬಬಾರದು. 30 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.2 ಇದ್ದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ಸೋಸುವ ಪ್ರಮಾಣದ ಅಂದಾಜು, ಸುಮಾರು 83 ಬರುತ್ತದೆ. ಅದೇ 1.2 ನಿಮ್ಮ ತಾಯಿಯವರ ವಯಸ್ಸಿನ ಹೆಂಗಸಿಗೆ 48. ನಿಮ್ಮ ತಾಯಿಗೆ 1.0 ಇದ್ದಾಗಲೇ ಲೆಕ್ಕ 60ರ ಆಸುಪಾಸಿನಲ್ಲಿತ್ತು. ಅಂದರೆ ಕಿಡ್ನಿಯ ಕೆಲಸ ಈ ಮೂರು ವಾರದಲ್ಲಿ ನೂರರಿಂದ ನಲವತ್ತೆಂಟಕ್ಕೆ ಕುಸಿದದ್ದಲ್ಲ. ಮೊದಲೇ ನಿಧಾನವಾಗಿ ಇಳಿದಿದ್ದುದು ಈಗ ನಿಮ್ಮ ಕಣ್ಣಿಗೆ ಬಿದ್ದಿದೆ, ಅದರ ಮೇಲೆ ಇನ್ನಷ್ಟು ಇಳಿದಿದೆ.

ಇಜಿಎಫ್‌ಆರ್ ಎಂದರೆ ಕಿಡ್ನಿ ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತವನ್ನು ಶುದ್ಧ ಮಾಡುತ್ತದೆ ಎಂಬುದರ ಅಂದಾಜು. ಕ್ರಿಯಾಟಿನಿನ್, ವಯಸ್ಸು, ಲಿಂಗ ಮೂರನ್ನು ಸೂತ್ರಕ್ಕೆ ಹಾಕಿ ತೆಗೆಯುತ್ತಾರೆ. ಯಾರೂ ನೇರವಾಗಿ ಅಳೆದ ಸಂಖ್ಯೆ ಇದಲ್ಲ. 48ನ್ನು ‘ನೂರಕ್ಕೆ 48 ಕಿಡ್ನಿ ಉಳಿದಿದೆ’ ಎಂದು ಓದುವವರು ಬಹಳ, ಅದು ತಪ್ಪು. ನಲವತ್ತು ದಾಟಿದ ಮೇಲೆ ಕಾಯಿಲೆಯೇನೂ ಇಲ್ಲದವರಲ್ಲೂ ಇದು ವರ್ಷಕ್ಕೆ ಹೆಚ್ಚುಕಡಿಮೆ ಒಂದರಂತೆ ಇಳಿಯುತ್ತಾ ಬರುತ್ತದೆ. 70 ದಾಟಿದವರಲ್ಲಿ 60-70 ಇರುವುದು ತೀರಾ ಸಾಮಾನ್ಯ. 45ರಿಂದ 59ರವರೆಗೆ ಅಲ್ಪದಿಂದ ಮಧ್ಯಮ ಇಳಿಕೆ ಎನ್ನುತ್ತೇವೆ, 30ರಿಂದ 44 ಅದಕ್ಕಿಂತ ಹೆಚ್ಚಿನದು, 15ರ ಕೆಳಗೆ ಹೋದರೆ ಕಿಡ್ನಿ ವೈಫಲ್ಯ. ಡಯಾಲಿಸಿಸ್ ಮಾತು ಬರುವುದು ಆ ಕೊನೆಯ ಹಂತದಲ್ಲಿ, ಅಲ್ಲಿಯೂ ರೋಗಿಯ ಲಕ್ಷಣಗಳನ್ನು ನೋಡಿ. ಇನ್ನೊಂದು ಮಾತು: ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದು ಹೆಸರಿಡಬೇಕಾದರೆ ಈ ಇಳಿಕೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ನಿಂತಿರಬೇಕು. ಒಂದು ರಿಪೋರ್ಟು ಹಿಡಿದು ಆ ಹೆಸರಿಡುವಂತಿಲ್ಲ.

ಹಿಂದಿನ ದಿನ ರಾತ್ರಿ ಮಾಂಸದೂಟ ಹೆಚ್ಚಾಗಿದ್ದರೆ, ನೀರು ಕಡಿಮೆ ಕುಡಿದಿದ್ದರೆ, ಕೋಟ್ರೈಮಾಕ್ಸಜೋಲ್ ಎಂಬ ಸೋಂಕಿನ ಮಾತ್ರೆ ನಡೆಯುತ್ತಿದ್ದರೆ ಕ್ರಿಯಾಟಿನಿನ್ ಸ್ವಲ್ಪ ಮೇಲೆ ಕಾಣಬಹುದು. ಬೇರೆ ಬೇರೆ ಲ್ಯಾಬ್‌ನಲ್ಲಿ ಮಾಡಿಸಿದರೆ 0.1ರಷ್ಟು ಹೆಚ್ಚುಕಡಿಮೆ ಬರುವುದು ಸಹಜ. ಸಾಧ್ಯವಾದಷ್ಟೂ ಒಂದೇ ಲ್ಯಾಬ್‌ನಲ್ಲಿ, ಬೆಳಿಗ್ಗೆ, ಹಿಂದಿನ ರಾತ್ರಿ ಸಾಧಾರಣ ಊಟ ಮಾಡಿಸಿ ಪರೀಕ್ಷಿಸಿ. ಪೊಟ್ಯಾಸಿಯಂ ವಿಷಯದಲ್ಲಿ ನಮ್ಮ ಮಲೆನಾಡಿನ ಊರುಗಳಿಗೆ ಒಂದು ವಿಶೇಷ ತೊಡಕಿದೆ. ಸಣ್ಣ ಊರಿನ ಸಂಗ್ರಹ ಕೇಂದ್ರದಲ್ಲಿ ರಕ್ತ ತೆಗೆದು, ಅದು ಬಸ್ಸಿನಲ್ಲಿ ಹಾಸನಕ್ಕೋ ಬೆಂಗಳೂರಿಗೋ ಹೋಗಿ, ಗಂಟೆಗಟ್ಟಲೆ ತಡವಾಗಿ ಪರೀಕ್ಷೆಯಾದರೆ ರಕ್ತಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ಸುಳ್ಳು ಏರಿಕೆ ಕಾಣುತ್ತದೆ. 5.8 ಎಂದು ಬಂದು ಮನೆಮಂದಿಯೆಲ್ಲ ಗಾಬರಿಯಾದರೆ, ಅದೇ ದಿನ ಆಸ್ಪತ್ರೆಯಲ್ಲೇ ರಕ್ತ ಕೊಟ್ಟು ಅಲ್ಲೇ ಮರುಪರೀಕ್ಷೆ ಮಾಡಿಸಿ, ಜೊತೆಗೆ ಇಸಿಜಿ ತೆಗೆಸಿ. ನಿಜವಾದ ಏರಿಕೆಯಾಗಿದ್ದರೆ ಅದು ಹೃದಯದ ಬಡಿತವನ್ನೇ ಕೆಡಿಸುವಂಥದ್ದು, ‘ನಾಳೆ ನೋಡೋಣ’ ಎನ್ನುವ ವಿಷಯವಲ್ಲ. ನಿಮ್ಮ ತಾಯಿಯವರ 4.9 ಮಿತಿಯೊಳಗಿದೆ.

ಯೂರಿಯಾ 42 ಎಂಬುದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ನೀರು ಕಡಿಮೆಯಾದರೂ, ಬೇಳೆ-ಮಾಂಸ ಹೆಚ್ಚಾದರೂ ಅದು ಅಷ್ಟು ಏರುತ್ತದೆ.

ಮಾತ್ರೆಯಿಂದ ಏರಿದ್ದೇ?

ಬಹುಶಃ ಹೌದು, ಒಂದು ಭಾಗ. ಆದರೆ ಹೇಗೆ ಏರುತ್ತದೆ ಎಂದು ತಿಳಿದರೆ ಭಯ ಕಡಿಮೆಯಾಗುತ್ತದೆ. ಕಿಡ್ನಿಯ ಪ್ರತಿ ಸೋಸುವ ಗಂಟಿಗೆ ಒಂದು ಒಳಬರುವ ರಕ್ತನಾಳ, ಒಂದು ಹೊರಹೋಗುವ ರಕ್ತನಾಳ ಇದೆ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಈ ಗುಂಪಿನ ಮಾತ್ರೆಗಳು ಹೊರಹೋಗುವ ನಾಳವನ್ನು ಸಡಿಲಿಸುತ್ತವೆ. ತೋಟದ ಸ್ಪ್ರಿಂಕ್ಲರ್ ಪೈಪಿನ ಕೊನೆಯ ವಾಲ್ವನ್ನು ಸ್ವಲ್ಪ ತೆರೆದರೆ ಪೈಪಿನೊಳಗಿನ ಒತ್ತಡ ಇಳಿಯುವ ಹಾಗೆ, ಗಂಟಿನೊಳಗಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಾಗ ಸೋಸುವ ಪ್ರಮಾಣ ಸ್ವಲ್ಪ ತಗ್ಗಿ ಕ್ರಿಯಾಟಿನಿನ್ ಏರುತ್ತದೆ. ಅದೇ ಒತ್ತಡದ ಇಳಿಕೆಯಿಂದ ಗಂಟು ಸವೆಯುವುದೂ, ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರುವುದೂ ನಿಧಾನವಾಗುತ್ತದೆ. ಹೀಗೆ ಮೊದಲ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್ ಶೇ 30ರವರೆಗೆ ಏರಿ ಅಲ್ಲೇ ನಿಂತರೆ ಮಾತ್ರೆ ಮುಂದುವರಿಸುವುದೇ ರೂಢಿ. ನಿಮ್ಮ ತಾಯಿಗೆ 1.0ರಿಂದ 1.2 ಎಂದರೆ ಶೇ 20. ಮಿತಿ 1.3.

ಆ ಗಡಿ ದಾಟಿದರೆ ಕಾರಣ ಹುಡುಕಬೇಕು. ನೀರಿನಂಶ ಕಡಿಮೆಯಾಗಿದೆಯೇ, ಬಿಪಿ ತೀರಾ ಇಳಿದಿದೆಯೇ, ನೋವಿನ ಮಾತ್ರೆ ಜೊತೆಗಿದೆಯೇ? ಇವೇನೂ ಇಲ್ಲದಿದ್ದರೆ ಕಿಡ್ನಿಗೆ ಹೋಗುವ ಮುಖ್ಯ ರಕ್ತನಾಳವೇ ಕಿರಿದಾಗಿರಬಹುದು. ಹೊಗೆಸೊಪ್ಪು-ಬೀಡಿ ಅಭ್ಯಾಸ ಇರುವವರಲ್ಲಿ, ಹೃದಯದ ರಕ್ತನಾಳದ ತೊಂದರೆ ಇರುವವರಲ್ಲಿ ಇದು ಹೆಚ್ಚು. ಸ್ಕ್ಯಾನ್‌ನಲ್ಲಿ ಒಂದು ಕಿಡ್ನಿ ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಚಿಕ್ಕದಾಗಿ ಕಂಡರೆ ಈ ಅನುಮಾನ ಬಲವಾಗುತ್ತದೆ. ನಿಮ್ಮ ತಾಯಿಗೆ ಒಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಅದರಲ್ಲಿ ‘ಕಿಡ್ನಿಯಲ್ಲಿ ಸಣ್ಣ ನೀರುಗುಳ್ಳೆ’ ಎಂದು ಬರೆದಿದ್ದರೆ ಹೆದರಬೇಡಿ, ಈ ವಯಸ್ಸಿನಲ್ಲಿ ಸಾದಾ ನೀರುಗುಳ್ಳೆ ಬಹಳ ಜನರಿಗೆ ಇರುತ್ತದೆ.

ನೋವಿನ ಮಾತ್ರೆ

ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೇನ್, ನಪ್ರಾಕ್ಸೆನ್, ಮೆಫೆನಾಮಿಕ್ ಆಸಿಡ್ ಎಲ್ಲವೂ ಕಿಡ್ನಿಗೆ ರಕ್ತ ಒಳತರುವ ನಾಳವನ್ನು ಬಿಗಿ ಮಾಡುತ್ತವೆ. ಟೆಲ್ಮಿಸಾರ್ಟನ್ ಹೊರನಾಳವನ್ನು ಸಡಿಲಿಸಿದೆ, ನೋವಿನ ಮಾತ್ರೆ ಒಳನಾಳವನ್ನು ಬಿಗಿದಿದೆ. ಎರಡೂ ಸೇರಿದರೆ ಸೋಸುವ ಒತ್ತಡವೇ ಉಳಿಯುವುದಿಲ್ಲ. ಇದರ ಮೇಲೆ ನೀರು ಹೋಗಿಸುವ ಮಾತ್ರೆಯೊಂದು ಸೇರಿ, ಮಳೆಗಾಲದಲ್ಲಿ ಎರಡು ದಿನ ಭೇದಿಯಾದರೆ, 1.2 ಇದ್ದ ಕ್ರಿಯಾಟಿನಿನ್ ಒಂದು ವಾರದೊಳಗೆ 3-4ಕ್ಕೆ ಹೋಗಬಲ್ಲದು. ವಯಸ್ಸಾದವರಲ್ಲಿ ದಿಢೀರ್ ಕಿಡ್ನಿ ಪೆಟ್ಟು ಬೀಳುವ ದಾರಿಗಳಲ್ಲಿ ಇದು ತೀರಾ ಸಾಮಾನ್ಯವಾದದ್ದು, ತಪ್ಪಿಸಬಹುದಾದದ್ದೂ ಹೌದು. ಜೊತೆಗೆ ಈ ಮಾತ್ರೆಗಳು ಉಪ್ಪು-ನೀರನ್ನು ಮೈಯಲ್ಲೇ ಹಿಡಿದಿಟ್ಟು ಬಿಪಿಯನ್ನೂ ಏರಿಸುತ್ತವೆ. ಹಾಸನದಲ್ಲಿ ಕಂಡ 164ರಲ್ಲಿ ಒಂದು ಪಾಲು ಈ ಮಾತ್ರೆಯದೇ ಇರಬಹುದು. ಬಿಪಿಗೆ ಎರಡನೇ ಮಾತ್ರೆ ಬರೆಯುವಾಗ ವೈದ್ಯರಿಗೆ ಈ ವಿಷಯ ಗೊತ್ತಿತ್ತೇ? ಮೆಡಿಕಲ್‌ ಅಂಗಡಿಯಿಂದ ತಂದದ್ದನ್ನು ಯಾರೂ ಚೀಟಿಯಲ್ಲಿ ಬರೆದಿರುವುದಿಲ್ಲ. ಮುಂದಿನ ಸಲ ಮನೆಯಲ್ಲಿರುವ ಎಲ್ಲ ಮಾತ್ರೆಯ ಹಾಳೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡೇ ಹೋಗಿ. ಬೇರು, ಭಸ್ಮ, ಪುಡಿ ಏನಾದರೂ ನಡೆಯುತ್ತಿದ್ದರೆ ಅದನ್ನೂ ತೋರಿಸಿ. ಪಾದರಸ-ಸೀಸ ಸೇರಿದ ಭಸ್ಮಗಳು ಕಿಡ್ನಿ ಕೆಡಿಸುವುದು ನಿಜ.

ಹಾಗಾದರೆ ಮಂಡಿನೋವಿಗೇನು? ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಮಾತ್ರೆ, ದಿನಕ್ಕೆ ಮೂರು, ಬೇಕಾದರೆ ನಾಲ್ಕು ಸಲ. 48 ಕೆ.ಜಿ. ತೂಕಕ್ಕೆ ದಿನಕ್ಕೆ 2 ಗ್ರಾಂ ಮೀರದಿದ್ದರೆ ಚೆನ್ನ. ಲಿವರ್ ತೊಂದರೆ, ಮದ್ಯದ ಅಭ್ಯಾಸ ಇಲ್ಲದಿದ್ದರೆ ಇದು ಕಿಡ್ನಿಗೆ ಉಳಿದೆಲ್ಲಕ್ಕಿಂತ ಸುರಕ್ಷಿತ. ಅಂಗಡಿಯಲ್ಲಿ ಕೇಳುವಾಗ ಬರೀ ಪ್ಯಾರಾಸಿಟಮಾಲ್ ಎಂದೇ ಕೇಳಿ, ಹಾಳೆಯ ಹಿಂದೆ ಓದಿ ನೋಡಿ. ಅಸೆಕ್ಲೋಫೆನಾಕ್ ಜೊತೆ ಬೆರೆಸಿದ ಮಾತ್ರೆಯನ್ನೂ ಅದೇ ಹೆಸರಿನಲ್ಲಿ ಕೊಡುವುದುಂಟು. ಮಂಡಿಯ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್‌ನಿಂದ ರಕ್ತಕ್ಕೆ ಸೇರುವುದು ಅಲ್ಪ, ಆದ್ದರಿಂದ ಕೆಲವು ವಾರ ಹಚ್ಚಬಹುದು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಎತ್ತಿ ಹತ್ತು ಎಣಿಸಿ ಇಳಿಸುವ ವ್ಯಾಯಾಮ, ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು ಮಾಡಿಸಿ. ಇದರ ಫಲ ಕಾಣಲು ಒಂದೂವರೆ-ಎರಡು ತಿಂಗಳು ಹಿಡಿಯುತ್ತದೆ, ಆಮೇಲೆ ಆ ಫಲ ಉಳಿಯುತ್ತದೆ. ಊರುಗೋಲು ಹಿಡಿಯುವುದಾದರೆ ನೋವಿಲ್ಲದ ಕಾಲಿನ ಬದಿಯ ಕೈಯಲ್ಲಿ ಹಿಡಿಯಬೇಕು. ಇಳಿಜಾರಿನ ತೋಟದಲ್ಲಿ ಓಡಾಡುವವರಿಗೆ ಅದೊಂದರಿಂದಲೇ ಬಹಳ ಹಗುರವಾಗುತ್ತದೆ.

ಪಾದದ ಊತಕ್ಕೆ ಕಿಡ್ನಿಯೇ ಕಾರಣ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಸಂಜೆ ಮಾತ್ರ ಊದಿ, ರಾತ್ರಿ ಮಲಗೆದ್ದರೆ ಇಳಿಯುವ ಊತ ಅಮ್ಲೋಡಿಪಿನ್‌ನಿಂದ ಬರುವುದು ಬಲು ಸಾಮಾನ್ಯ. ಪ್ರಮಾಣ 10 ಮಿ.ಗ್ರಾಂ. ಮಾಡಿದರೆ ಹೆಚ್ಚುತ್ತದೆ, ಟೆಲ್ಮಿಸಾರ್ಟನ್ ಜೊತೆಗಿದ್ದರೆ ಸ್ವಲ್ಪ ಕಡಿಮೆಯಾಗುತ್ತದೆ. ಬೆಳಿಗ್ಗೆ ಮುಖ-ಕಣ್ಣಿನ ಸುತ್ತ ಊತ, ಮಲಗಿದರೆ ಉಸಿರುಕಟ್ಟುವುದು, ವಾರದಲ್ಲಿ ಎರಡು ಕೆ.ಜಿ. ತೂಕ ಏರುವುದು ಕಂಡರೆ ಅದು ಬೇರೆ, ತಡಮಾಡದೆ ತೋರಿಸಬೇಕು.

ಮಾಡಿಸದೆ ಬಿಟ್ಟಿರುವ ಪರೀಕ್ಷೆ

ಮೂತ್ರದ ಆಲ್ಬುಮಿನ್ ‘ಇಲ್ಲ’ ಎಂಬುದು ಪಟ್ಟಿ ಅದ್ದಿ ನೋಡಿದ ಫಲಿತಾಂಶ. ಸಣ್ಣ ಪ್ರಮಾಣದ ಸೋರಿಕೆ ಆ ಪಟ್ಟಿಗೆ ಕಾಣುವುದಿಲ್ಲ. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಚಿಕ್ಕದಾಗಿ ಎಸಿಆರ್, ಮಾಡಿಸಿ. ಬೆಳಿಗ್ಗೆ ಎದ್ದ ಮೇಲಿನ ಮೊದಲ ಮೂತ್ರ ಒಳ್ಳೆಯದು. ಜ್ವರ, ಉರಿಮೂತ್ರ ಇರುವಾಗ ಬೇಡ, ಸುಳ್ಳು ಏರಿಕೆ ಬರುತ್ತದೆ. 30ರ ಒಳಗೆ ಬಂದರೆ ನೆಮ್ಮದಿ. 30ರಿಂದ 300 ಆದರೆ ಸೋರಿಕೆ ಇದೆ. 300 ದಾಟಿದರೆ ಹೆಚ್ಚು ಅಪಾಯ. ನನ್ನ ಲೆಕ್ಕದಲ್ಲಿ ನಿಮ್ಮ ತಾಯಿಯವರ ಮುಂದಿನ ಹತ್ತು ವರ್ಷದ ಬಗ್ಗೆ 48 ಹೇಳುವುದಕ್ಕಿಂತ ಹೆಚ್ಚನ್ನು ಈ ಒಂದು ಸಂಖ್ಯೆ ಹೇಳುತ್ತದೆ. ಇಜಿಎಫ್‌ಆರ್ 48 ಇದ್ದು ಎಸಿಆರ್ 30ರ ಒಳಗಿರುವ ಎಪ್ಪತ್ತರ ಮೇಲಿನವರಲ್ಲಿ ಹೆಚ್ಚಿನವರು ಡಯಾಲಿಸಿಸ್ ಹಂತ ಮುಟ್ಟುವುದೇ ಇಲ್ಲ. ಅವರಿಗೆ ಇರುವ ದೊಡ್ಡ ಅಪಾಯ ಲಕ್ವ ಮತ್ತು ಹೃದಯಾಘಾತ, ಅದನ್ನು ತಡೆಯುವುದು ಬಿಪಿಯ ಹತೋಟಿಯೇ. ಹೀಗಿರುವಾಗ ಕಿಡ್ನಿಯ ಹೆದರಿಕೆಯಿಂದ ಬಿಪಿ ಮಾತ್ರೆ ಬಿಡಿಸಿದರೆ ಎರಡೂ ಕಡೆ ನಷ್ಟ.

ತೂಕ ಕಡಿಮೆ ಇರುವವರಲ್ಲಿ ಕ್ರಿಯಾಟಿನಿನ್ ಲೆಕ್ಕ ನಂಬಿಕೆಗೆ ಸಾಲದೆ ಇದ್ದರೆ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಇದೆ. ಅದು ಸ್ನಾಯುವನ್ನು ಅವಲಂಬಿಸಿಲ್ಲ. ದುಬಾರಿ, ಎಲ್ಲ ಕಡೆ ಸಿಗದು, ಥೈರಾಯ್ಡ್ ತೊಂದರೆ ಅಥವಾ ಸ್ಟಿರಾಯ್ಡ್ ಮಾತ್ರೆ ಇದ್ದರೆ ಅದೂ ತಪ್ಪು ತೋರಿಸುತ್ತದೆ. ಔಷಧಿಯ ಪ್ರಮಾಣ ನಿರ್ಧರಿಸಲು ನಿಖರತೆ ಬೇಕಾದಾಗ ಮಾತ್ರ ಕೇಳಿ.

ಬಿಪಿ ಎಷ್ಟಿರಬೇಕು

164/78ರಲ್ಲಿ ಮೇಲಿನದು ಏರಿದೆ, ಕೆಳಗಿನದು ಸರಿಯಿದೆ. ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಗಡುಸಾಗುವುದರಿಂದ ಹೀಗಾಗುತ್ತದೆ. ‘ವಯಸ್ಸು ಕೂಡಿಸು ನೂರು, ಅಷ್ಟು ಬಿಪಿ ಸರಿ’ ಎಂಬ ಹಳೆಯ ಲೆಕ್ಕ ತಪ್ಪು. ಗಡುಸಾದ ನಾಳದಿಂದ ಪ್ರತಿ ಬಡಿತದ ಹೊಡೆತವೂ ನೇರ ಕಿಡ್ನಿಯ ಸೂಕ್ಷ್ಮ ನಾಳಗಳಿಗೆ, ಮಿದುಳಿಗೆ ತಟ್ಟುತ್ತದೆ. ಸವೆದ ಕಿಡ್ನಿ ಉಪ್ಪನ್ನು ಹೊರಹಾಕಲಾರದೆ ಬಿಪಿಯನ್ನು ಇನ್ನಷ್ಟು ಏರಿಸುತ್ತದೆ.

ಆದರೆ ಒಂದು ಸಲ ನೋಡಿದ 164ನ್ನು ನಂಬುವ ಮುನ್ನ ಮನೆಯಲ್ಲಿ ಅಳೆಯಿರಿ. ಸಕಲೇಶಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಬಂದು, ಮೆಟ್ಟಿಲು ಹತ್ತಿ, ಸರದಿಯಲ್ಲಿ ಕಾದು, ಕುಳಿತ ಕೂಡಲೇ ಅಳೆದರೆ ಹತ್ತಿಪ್ಪತ್ತು ಹೆಚ್ಚು ಕಾಣುವುದು ಸಹಜ. ತೋಳಿಗೆ ಕಟ್ಟುವ ಯಂತ್ರ ಕೊಳ್ಳಿ, ಮಣಿಕಟ್ಟಿನದು ಬೇಡ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಹೊಗೆಸೊಪ್ಪು ಹಾಕಿದ ಎಲೆ-ಅಡಿಕೆ ಬೇಡ. ಮೂತ್ರ ಮಾಡಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂರಿಸಿ. ಸ್ವೆಟರ್, ರವಿಕೆಯ ತೋಳಿನ ಮೇಲೆ ಪಟ್ಟಿ ಕಟ್ಟಬೇಡಿ, ಬರೀ ತೋಳಿಗೆ, ಎದೆಯ ಮಟ್ಟದಲ್ಲಿ ಕಟ್ಟಿ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ರಾತ್ರಿ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಏರಿದೆ ಎಂದರ್ಥ. ಯಂತ್ರ ಕೊಳ್ಳಲಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇರೆ ಬೇರೆ ದಿನ ನೋಡಿಸಿ ಬರೆದಿಡಿ.

ವಾರಕ್ಕೊಮ್ಮೆ ನಿಂತಾಗಿನ ಬಿಪಿಯನ್ನೂ ನೋಡಬೇಕು, ಇದನ್ನು ಬಹಳ ಮಂದಿ ಮಾಡುವುದಿಲ್ಲ. ಕೂತಾಗ ಅಳೆದು, ಎದ್ದುನಿಂತು ಒಂದು ಮತ್ತು ಮೂರನೇ ನಿಮಿಷಕ್ಕೆ ಅಳೆಯಿರಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಬಿದ್ದು ಸೊಂಟ ಮುರಿಯುವ ಅಪಾಯ ಇದೆ. ಆಗ ಔಷಧಿಯನ್ನು ಇನ್ನೂ ಏರಿಸಬಾರದು.

ಗುರಿಯ ಬಗ್ಗೆ: ಕಿಡ್ನಿ ಕಾಯಿಲೆಯ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮೇಲಿನ ಸಂಖ್ಯೆ 120ರ ಒಳಗಿರಲಿ ಎನ್ನುತ್ತದೆ. ಆದರೆ ಅದು ಮೇಲೆ ಹೇಳಿದಂಥ ಕಟ್ಟುನಿಟ್ಟಿನ ಕ್ರಮದಲ್ಲಿ ಅಳೆದಾಗಿನ ಸಂಖ್ಯೆ. ಓಡಾಡಿಕೊಂಡು ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಎಪ್ಪತ್ತೊಂದರವರಿಗೆ ತಲೆಸುತ್ತಿಲ್ಲದೆ 130ರ ಒಳಗೆ ಬಂದರೆ ನನಗೆ ತೃಪ್ತಿ. ಬಲಹೀನರಾಗಿ, ಪದೇ ಪದೇ ಬೀಳುವವರಿಗೆ 140ರ ಆಸುಪಾಸು ಸಾಕು.

ಮುಂದೆ ಏನು ಮಾಡಬಹುದು ಎಂದರೆ, ಮೊದಲು ನೋವಿನ ಮಾತ್ರೆ ನಿಲ್ಲಿಸಿ, ಎರಡೂ ಬಿಪಿ ಮಾತ್ರೆ ಮುಂದುವರಿಸಿ, ಎರಡು-ಮೂರು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡುವುದು. ನಾನು ಹೇಳುವುದು ಇದನ್ನೇ. ಕ್ರಿಯಾಟಿನಿನ್ 1.1ಕ್ಕೆ ಮರಳಿದರೆ ಅಥವಾ 1.2ರಲ್ಲೇ ನಿಂತರೆ ಸರಿ. ಟೆಲ್ಮಿಸಾರ್ಟನ್ ಬಿಟ್ಟು ಅಮ್ಲೋಡಿಪಿನ್ ಏರಿಸುವುದು ಇನ್ನೊಂದು ದಾರಿ. ಎಸಿಆರ್ 30ರ ಒಳಗಿದ್ದರೆ ಅದೂ ತಪ್ಪಲ್ಲ, ಆದರೆ ಊತ ಹೆಚ್ಚುತ್ತದೆ. ಎಸಿಆರ್ ಏರಿದ್ದರೆ ಮಾತ್ರ ಟೆಲ್ಮಿಸಾರ್ಟನ್ ಬಿಡುವಂತಿಲ್ಲ. ಎರಡರಿಂದಲೂ ಬಿಪಿ ಹತೋಟಿಗೆ ಬಾರದಿದ್ದರೆ ಕ್ಲೋರ್ಥಾಲಿಡೋನ್‌ನಂಥ ನೀರು ಹೋಗಿಸುವ ಮಾತ್ರೆಯನ್ನು 6.25 ಮಿ.ಗ್ರಾಂ.ನಿಂದ ಶುರುಮಾಡುತ್ತಾರೆ. ತೆಳ್ಳಗಿನ ವಯಸ್ಸಾದ ಹೆಂಗಸರಲ್ಲಿ ಇದು ಸೋಡಿಯಂ ಇಳಿಸಿ ಮಂಕು, ವಾಂತಿ, ತಡವರಿಸುವ ನಡಿಗೆ ತರಬಹುದು, ಎರಡು ವಾರದೊಳಗೆ ಸೋಡಿಯಂ ನೋಡಲೇಬೇಕು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಕಿಡ್ನಿ ಕಾಯುತ್ತವೆ ಎಂದು 2020ರಿಂದೀಚೆಗಿನ ಅಧ್ಯಯನಗಳು ತೋರಿಸಿವೆ. ಸೋರಿಕೆ ಇದ್ದರೆ ಅದರ ಬಗ್ಗೆ ವೈದ್ಯರನ್ನು ಕೇಳಿ. ಗುಪ್ತಾಂಗದ ತುರಿಕೆ-ಸೋಂಕು ಅದರ ಸಾಮಾನ್ಯ ತೊಂದರೆ.

ಇನ್ನು ಉಪ್ಪು. ಸೈಂಧವವೂ ಸೋಡಿಯಂ ಕ್ಲೋರೈಡೇ, ಬಿಪಿಗೆ ಯಾವ ಲಾಭವೂ ಇಲ್ಲ, ಅಯೋಡಿನ್ ಮಾತ್ರ ತಪ್ಪುತ್ತದೆ. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪು ಇನ್ನೂ ಅಪಾಯ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟನ್ ಜೊತೆ ಸೇರಿದರೆ ರಕ್ತದ ಪೊಟ್ಯಾಸಿಯಂ ಏರುತ್ತದೆ. ದಿನಕ್ಕೆ ಒಬ್ಬರಿಗೆ ಐದು ಗ್ರಾಂ ಉಪ್ಪು ಮಿತಿ. ನಾಲ್ಕು ಜನರ ಮನೆಯಲ್ಲಿ ಒಂದು ಕೆ.ಜಿ. ಪೊಟ್ಟಣ ಐವತ್ತು ದಿನ ಬರಬೇಕು, ಕೊಂಡ ದಿನಾಂಕವನ್ನು ಅದರ ಮೇಲೇ ಬರೆದಿಡಿ, ಗೊತ್ತಾಗುತ್ತದೆ. ಉಪ್ಪುನೀರಿನ ಮಾವಿನಮಿಡಿ, ಉಪ್ಪಿನಕಾಯಿ, ಹಪ್ಪಳ-ಸಂಡಿಗೆ, ಒಣಮೀನು ಈ ಲೆಕ್ಕದ ಹೊರಗಿನ ಉಪ್ಪು. ಅಕ್ಕಿರೊಟ್ಟಿಯ ಹಿಟ್ಟಿಗೆ ಉಪ್ಪು ಬಿಟ್ಟು ಚಟ್ನಿಯ ಉಪ್ಪಿನಲ್ಲೇ ತಿನ್ನುವುದು ಎರಡು ವಾರದಲ್ಲಿ ರೂಢಿಯಾಗುತ್ತದೆ. ಗ್ಯಾಸಿಗೆಂದು ನೊರೆ ಬರಿಸಿ ಕುಡಿಯುವ ಪುಡಿಯಲ್ಲೂ ಸೋಡಿಯಂ ತುಂಬಿದೆ.

ನಾಲ್ಕು ಲೀಟರ್ ನೀರು ಕಿಡ್ನಿಯನ್ನು ತೊಳೆಯುವುದಿಲ್ಲ. ವಯಸ್ಸಾದವರಲ್ಲಿ ಸೋಡಿಯಂ ಇಳಿಸುತ್ತದೆ, ರಾತ್ರಿಯೆಲ್ಲ ಎಬ್ಬಿಸಿ ಬೀಳಿಸುತ್ತದೆ. ಒಂದೂವರೆಯಿಂದ ಎರಡು ಲೀಟರ್ ಸಾಕು. ಅರಸೀಕೆರೆ-ಕಡೂರು ಕಡೆಯ ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು. ಕಿಡ್ನಿಗೆ ಒಳ್ಳೆಯದೆಂದು ದಿನಾ ಎಳನೀರು ಕುಡಿಸಬೇಡಿ, ಅದರಲ್ಲಿ ಪೊಟ್ಯಾಸಿಯಂ ಬಹಳ. ಧಾರೆಹುಳಿ, ಬಿಂಬುಳಿಯ ರಸವನ್ನಂತೂ ಕುಡಿಸಲೇಬೇಡಿ. ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟಿ ದಿಢೀರ್ ವೈಫಲ್ಯ ತಂದ ಉದಾಹರಣೆಗಳಿವೆ. ಬೇಳೆ, ಮೊಟ್ಟೆ ಬಿಡಿಸುವ ಅಗತ್ಯವಿಲ್ಲ. 48 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 40 ಗ್ರಾಂ ಪ್ರೋಟೀನು ಬೇಕು, ಪಥ್ಯವೆಂದು ಬರೀ ಗಂಜಿಗೆ ಇಳಿಸಿದರೆ ಸ್ನಾಯು ಕರಗಿ, ಕ್ರಿಯಾಟಿನಿನ್ ಇಳಿದಂತೆ ಕಂಡು ಮೋಸಹೋಗುತ್ತೀರಿ.

ವಾಂತಿ-ಭೇದಿ, ಊಟ ಸೇರದ ಜ್ವರ ಬಂದ ದಿನಗಳಲ್ಲಿ ಟೆಲ್ಮಿಸಾರ್ಟನ್ ಮತ್ತು ನೀರು ಹೋಗಿಸುವ ಮಾತ್ರೆಯನ್ನು ತಾತ್ಕಾಲಿಕವಾಗಿ ತಡೆದು, ಚೆನ್ನಾಗಿ ತಿಂದು-ಕುಡಿಯಲು ಶುರುಮಾಡಿ ಒಂದೆರಡು ದಿನದ ಮೇಲೆ ಮತ್ತೆ ಕೊಡಬೇಕಾಗುತ್ತದೆ. ಯಾವುದನ್ನು ತಡೆಯಬೇಕೆಂದು ಈಗಲೇ ನಿಮ್ಮ ವೈದ್ಯರಿಂದ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಮಳೆಗಾಲದ ರಾತ್ರಿ ರಸ್ತೆ ಕಟ್ಟಿರುವಾಗ ಫೋನು ಹಚ್ಚಿ ಕೇಳುವುದಕ್ಕಿಂತ ಅದು ವಾಸಿ. ಅರ್ಧ ದಿನ ಮೂತ್ರವೇ ಬಾರದಿದ್ದರೆ, ಮಾತು ತಡವರಿಸಿದರೆ, ಎದ್ದರೆ ಕಣ್ಣು ಕತ್ತಲೆ ಬಂದರೆ ಮನೆಯಲ್ಲಿ ಕಾಯಬೇಡಿ.

ಎಲ್ಲ ಸ್ಥಿರವಾದ ಮೇಲೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಆರು ತಿಂಗಳಿಗೊಮ್ಮೆ, ಎಸಿಆರ್ ವರ್ಷಕ್ಕೊಮ್ಮೆ ಸಾಕು. ಇಜಿಎಫ್‌ಆರ್ 30ರ ಕೆಳಗಿಳಿದರೆ, ವರ್ಷದಲ್ಲಿ ಐದಕ್ಕಿಂತ ಹೆಚ್ಚು ಇಳಿಯುತ್ತಾ ಹೋದರೆ, ಎಸಿಆರ್ 300 ದಾಟಿದರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂರು ಮಾತ್ರೆಗೂ ಬಿಪಿ ಬಗ್ಗದಿದ್ದರೆ ಕಿಡ್ನಿ ತಜ್ಞರಿಗೆ ತೋರಿಸಿ. ಹೋಗುವಾಗ ಹಳೆಯ ರಿಪೋರ್ಟುಗಳನ್ನು, ಐದು ವರ್ಷದ ಹಿಂದಿನದಾದರೂ ಸರಿ, ಹುಡುಕಿ ತೆಗೆದುಕೊಂಡು ಹೋಗಿ. ಆಗ ಕ್ರಿಯಾಟಿನಿನ್ ಎಷ್ಟಿತ್ತು ಎಂಬುದನ್ನು ಅವರು ಮೊದಲು ಕೇಳುತ್ತಾರೆ.